ಏನೂ ಕಳುವಾಗದ ಮನೆಗಳು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೊಲಿಗೆಯಾಕೆ ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೆಳಬೀದಿಯ ಕೊನೆಯ ಮನೆಯಲ್ಲಿ ಒಬ್ಬಳೇ ಇದ್ದುಕೊಂಡು, ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿದು ಬದುಕುವ ನಲವತ್ತರ ಆಸುಪಾಸಿನ ಹೆಂಗಸು. ಹಿಂದಿನ ದಿನ ಅವಳು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಯಾರೋ ಮನೆಯೊಳಗೆ ಬಂದು ಹೋಗಿದ್ದರು.

"ಏನೇನು ಹೋಗಿದೆ?" ಎಂದ ದೂರು ಬರೆದುಕೊಳ್ಳುವ ಹೆಡ್ ಕಾನ್‌ಸ್ಟೇಬಲ್. ಯಾವ ಕೆಲಸಕ್ಕೂ ಅವಸರ ಮಾಡದ ಕಾರಣಕ್ಕೇ ಠಾಣೆಯಲ್ಲಿ ಅವನಿಗೆ ಅವಸರಪ್ಪ ಎಂಬ ಹೆಸರು ಬಿದ್ದಿತ್ತು.

"ಏನೂ ಹೋಗಿಲ್ಲ ಸಾರ್."

"ಮತ್ತೆ?"

"ನನ್ನ ಹಾಸಿಗೆ ಪಕ್ಕ ಕುರ್ಚಿ ಹಾಕಿಟ್ಟು ಹೋಗಿದಾರೆ. ಮಲಗಿರೋರನ್ನ ನೋಡ್ತಾ ಕೂತ್ಕೊಳ್ಳೋ ಹಾಗೆ."

ಅವಸರಪ್ಪ ಪೆನ್ನಿನ ಮುಚ್ಚಳ ಹಾಕಿದ. "ನೋಡಮ್ಮಾ, ಕಳುವಾಗಿಲ್ಲ, ಏಟು ಬಿದ್ದಿಲ್ಲ. ಎಫ್‌ಐಆರ್‌ನಲ್ಲಿ ಏನು ಬರೀಲಿ? ಕುರ್ಚಿ ಎದ್ದು ನಡೀತು ಅಂತಲಾ?"

ಒಳಗಿನಿಂದ ಇದನ್ನು ಕೇಳಿಸಿಕೊಂಡ ಇನ್ಸ್‌ಪೆಕ್ಟರಮ್ಮ ಹೊರಗೆ ಬಂದರು. ಕೂದಲು ನರೆಯುವ ವಯಸ್ಸಿನಲ್ಲಿ ಅಪರಾಧಶಾಸ್ತ್ರದ ಎಂ.ಎ.ಗೆ ಸೇರಿಕೊಂಡು, ಸಂಜೆಯಾದರೆ ಚೀಲ ಹಾಕಿಕೊಂಡು ಕಾಲೇಜಿಗೆ ಓಡುವವರು. ಕಳ್ಳರನ್ನು ಬೀದಿಯಲ್ಲಿ ಹುಡುಕಿ ಸಾಕಾಗಿ ಮೇಡಂ ಈಗ ಪುಸ್ತಕದಲ್ಲಿ ಹುಡುಕುತ್ತಿದ್ದಾರೆ ಎಂದು ಕಾನ್‌ಸ್ಟೇಬಲ್‌ಗಳು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು.

"ಮನೆ ಮಾರಿ ಬಂದ್ಬಿಡು ಅಂತಾನೆ ತಮ್ಮ," ಎಂದಳು ಹೊಲಿಗೆಯಾಕೆ. "ಹೋದ್ರೆ ನನ್ನ ಕಸುಬು ಹೋಯ್ತು. ಅವನ ಮಕ್ಕಳನ್ನ ನೋಡ್ಕೊಂಡು ಮೂಲೇಲಿ ಬಿದ್ದಿರ್ಬೇಕು. ನನಗೆ ಹೋಗೋಕೆ ಮನಸ್ಸಿಲ್ಲ ಮೇಡಂ. ಯಾರು ಅಂತ ಗೊತ್ತಾಗಿಬಿಟ್ರೆ ಸಾಕು, ಧೈರ್ಯವಾಗಿ ಇಲ್ಲೇ ಇರ್ತೀನಿ."

"ಬರ್ಕೊಳ್ಳಪ್ಪ," ಎಂದರು ಇನ್ಸ್‌ಪೆಕ್ಟರಮ್ಮ. "ಮನೆಗೆ ಅಕ್ರಮ ಪ್ರವೇಶ. ಅದೂ ಅಪರಾಧಾನೇ."

ಮಧ್ಯಾಹ್ನ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಇನ್ನೊಂದು ಬೀಗದ ಕೈ ಬಾಗಿಲ ಬಳಿಯ ಕುಂಡದ ಕೆಳಗೆ ಇದ್ದ ಹಾಗೇ ಇತ್ತು. ಬೆರಳಚ್ಚಿನವನು ಕುರ್ಚಿಗೆಲ್ಲ ಪುಡಿ ಹಚ್ಚಿ ನೋಡಿ, ಬಂದವನು ಕೈಗವಸು ಹಾಕಿದ್ದನೆಂದು ತಲೆಯಾಡಿಸಿದ.

ಅಕ್ಕಪಕ್ಕದವರನ್ನು ವಿಚಾರಿಸಿದಾಗಲೇ ಇದು ಒಂದು ಮನೆಯ ಸಂಗತಿಯಲ್ಲವೆಂದು ಇನ್ಸ್‌ಪೆಕ್ಟರಮ್ಮನಿಗೆ ತಿಳಿದದ್ದು. ನರ್ಸಮ್ಮನ ಮನೆಯಲ್ಲಿ, ಇರುವವರು ಇಬ್ಬರೇ ಆದರೂ, ಊಟದ ಮೇಜಿನ ಮೇಲೆ ಮೂರು ಲೋಟದಲ್ಲಿ ನೀರು ತುಂಬಿಸಿಟ್ಟಿತ್ತಂತೆ. ಬಸ್ ಡ್ರೈವರನ ಮನೆಯ ಫೋಟೋಗಳೆಲ್ಲ ಗೋಡೆಗೆ ಮುಖ ತಿರುಗಿಸಿದ್ದವಂತೆ. ಬೀದಿಯುದ್ದಕ್ಕೂ ಇದೇ ಕತೆ. ಯಾರೂ ದೂರು ಕೊಟ್ಟಿರಲಿಲ್ಲ. ಏನೂ ಕಳುವಾಗದೆ ಠಾಣೆ ಮೆಟ್ಟಿಲು ಹತ್ತಿದರೆ ತಲೆ ಕೆಟ್ಟಿದೆ ಅನ್ನುತ್ತಾರೆಂದು ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು.

ಅವಸರಪ್ಪ ಪಕ್ಕದ ಮೇಲುಬೀದಿಯನ್ನೂ ಸುತ್ತಿ ಬಂದ. "ಅಲ್ಲಿ ಒಂದು ಮನೆಗೂ ಹೋಗಿಲ್ಲ ಮೇಡಂ. ಅಂಥವೇ ಮನೆಗಳು, ಅಂಥವೇ ಕುಂಡಗಳು, ಬೀಗದ ಕೈಯೂ ಅದರ ಕೆಳಗೇ. ಬಾಗಿಲು ತೆರೆದು ಕರೆದ್ರೂ ಬರಲ್ಲ ಅಂದ್ರೆ ಇವನೆಂಥ ಸಂಕೋಚದ ಕಳ್ಳ?"

ಸಂಜೆ ತರಗತಿ ಮುಗಿದ ಮೇಲೆ ಇನ್ಸ್‌ಪೆಕ್ಟರಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಕೂತರು. ಅಂಕಿಸಂಖ್ಯೆ ಎಂದರೆ ತಲೆ ಗಿರ್ರೆನ್ನುವ ಅವರಿಗೆ ಪಾಠ ಹೇಳಿಕೊಡುತ್ತಿದ್ದವನು ಕೊನೆಯ ವರ್ಷದ ವಿದ್ಯಾರ್ಥಿ. ಮೆತ್ತಗಿನ ಮಾತು, ಒಳ್ಳೆಯ ತಾಳ್ಮೆ. ಕೇಳಿದ್ದನ್ನೇ ಹತ್ತು ಸಲ ಕೇಳಿದರೂ ಬೇಸರಿಸಿಕೊಳ್ಳದವನು. ಅವರಿಗೆ ಅವನನ್ನು ಕಂಡರೆ ಸ್ವಂತ ತಮ್ಮನನ್ನು ಕಂಡಷ್ಟು ಅಕ್ಕರೆ.

"ತುಂಬಾ ಸುಲಭ ಅಕ್ಕಾ," ಎಂದ. "ಔಷಧಿ ಕೆಲಸ ಮಾಡ್ತಾ ಅಂತ ತಿಳೀಬೇಕಾದ್ರೆ ಒಂದೇ ಥರದ ಎರಡು ಗುಂಪು ಬೇಕು. ಒಂದಕ್ಕೆ ಕೊಡ್ಬೇಕು. ಇನ್ನೊಂದನ್ನ ಮುಟ್ಟಲೇಬಾರದು. ಆಮೇಲೆ ಎರಡನ್ನೂ ಹೋಲಿಸ್ಬೇಕು."

ಇನ್ಸ್‌ಪೆಕ್ಟರಮ್ಮ ಬರೆಯುತ್ತಿದ್ದ ಕೈ ನಿಲ್ಲಿಸಿದರು. ಒಂದೇ ಥರದ ಎರಡು ಬೀದಿಗಳು ಅವರ ಕಣ್ಣ ಮುಂದೆ ಬಂದವು.

"ನಿನ್ನ ಪ್ರಬಂಧ ಯಾವುದರ ಮೇಲಪ್ಪಾ?"

"ಭಯದ ಮೇಲೆ. ಕಳ್ಳತನದ ಭಯ ಜನರನ್ನ ಏನು ಮಾಡುತ್ತೆ ಅಂತ."

ಅವರು ನಕ್ಕು, ಪುಸ್ತಕ ಚೀಲಕ್ಕೆ ಹಾಕಿಕೊಂಡು ಎದ್ದರು.

ಮರುದಿನ ಬೆಳಿಗ್ಗೆಯೇ ಹೊಲಿಗೆಯಾಕೆಯ ಮುಂದೆ ಕೂತರು. "ಇತ್ತೀಚೆಗೆ ಹೊಸಬರು ಯಾರಾದ್ರೂ ಬಂದಿದ್ರಾ?"

"ಯಾರೂ ಇಲ್ಲ. ಒಬ್ಬ ಕಾಲೇಜು ಹುಡುಗ ಬಂದಿದ್ದ, ಅಷ್ಟೇ. ಮೇಲುಬೀದಿಗೂ ಹೋಗಿದ್ನಂತೆ. ಒಬ್ಬರೇ ಇರೋಕೆ ಎಷ್ಟು ಭಯ, ಒಂದರಿಂದ ಹತ್ತರೊಳಗೆ ಹೇಳಿ ಅಂದ. ನಾನು ನಕ್ಕು ಒಂದು ಅಂದೆ."

"ಬೇರೆ ಏನು ಕೇಳಿದ?"

"ಮನೆ ಭದ್ರತೆ ಬಗ್ಗೆ. ಇನ್ನೊಂದು ಬೀಗದ ಕೈ ಎಲ್ಲಿಡ್ತೀರಿ ಅಂತ."

"ಹೇಳಿದ್ರಾ?"

ಹೊಲಿಗೆಯಾಕೆ ಬಾಗಿಲ ಬಳಿಯ ಕುಂಡದ ಕಡೆ ತಿರುಗಿ ನೋಡಿದಳು. ಅವಳ ಮುಖದ ಬಣ್ಣವೇ ಇಳಿದುಹೋಯಿತು.

ಅನುಮಾನ ಒಂದು, ಸಾಕ್ಷ್ಯ ಇನ್ನೊಂದು. ಕಳ್ಳ ಮೇಲುಬೀದಿಗೆ ಹೋಗಲಿಲ್ಲ ಎಂಬುದನ್ನು ನ್ಯಾಯಾಲಯದಲ್ಲಿ ಹೇಳಿದರೆ ಯಾರಾದರೂ ನಕ್ಕಾರು. ಆದರೆ ಕೆಳಬೀದಿಯಲ್ಲಿ ಆ ಹುಡುಗನಿಗೆ ಉತ್ತರ ಕೊಟ್ಟವರ ಪೈಕಿ ಒಬ್ಬರ ಮನೆ ಮಾತ್ರ ಇನ್ನೂ ಉಳಿದಿತ್ತು. ಅದು ನಿವೃತ್ತ ಮೇಷ್ಟ್ರ ಮನೆ. ಅವರು ದಿನಾ ಬೆಳಿಗ್ಗೆ ಪೇಪರ್ ಓದಲು ವಾಚನಾಲಯಕ್ಕೆ ಹೋಗುವವರು. ಲೆಕ್ಕದಲ್ಲಿ ಅಷ್ಟು ಶಿಸ್ತಿನ ಹುಡುಗ ಒಂದು ಮನೆಯನ್ನು ಅರ್ಧಕ್ಕೆ ಬಿಡುವವನಲ್ಲ ಎಂದು ಇನ್ಸ್‌ಪೆಕ್ಟರಮ್ಮನಿಗೆ ಖಾತ್ರಿಯಿತ್ತು. ಆ ಖಾತ್ರಿ ಸುಳ್ಳಾಗಬಾರದೇ ಎಂದೂ ಅನ್ನಿಸಿತು.

ಎರಡು ದಿನ ಮೇಷ್ಟ್ರ ಮಲಗುವ ಕೋಣೆಯ ಬಾಗಿಲ ಹಿಂದೆ ಕೂತಿದ್ದೇ ಬಂತು. ಹಿತ್ತಲಲ್ಲಿ ಅವಸರಪ್ಪ ಸೊಳ್ಳೆ ಹೊಡೆಯುತ್ತ, ಮನೆಯಲ್ಲಿ ಹೆಂಡತಿ ಕೂರು ಅಂದರೂ ಇಷ್ಟು ಹೊತ್ತು ಕೂರುವುದಿಲ್ಲವೆಂದು ಗೊಣಗಿದ. ಗುರುವಾರ ಬೆಳಿಗ್ಗೆ, ಒಳ್ಳೆ ಬಿಸಿಲು ಬಿದ್ದಿರುವಾಗ, ಹೊರಗೆ ಕುಂಡ ಸರಿದ ಸದ್ದಾಯಿತು. ಬೀಗ ತಿರುಗಿತು.

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ನೆಂಟರ ಮನೆಗೆ ಬಂದಷ್ಟು ಸಲೀಸಾಗಿ ಬಂದು, ಮೂಲೆಯಲ್ಲಿದ್ದ ಮೇಷ್ಟ್ರ ಹಳೆಯ ಊರುಗೋಲನ್ನು ಹಾಸಿಗೆಯ ಮೇಲೆ ಮಲಗಿಸಿ, ಎರಡು ದಿಂಬು ಸೇರಿಸಿ, ಮೇಲೆ ಹೊದಿಕೆ ಎಳೆದ. ಯಾರೋ ಮುಸುಕು ಹಾಕಿಕೊಂಡು ಮಲಗಿದ ಹಾಗೆ ಕಾಣಿಸಿತು. ಒಂದು ಹೆಜ್ಜೆ ಹಿಂದೆ ಬಂದು ನೋಡಿ, ಮತ್ತೆ ಬಗ್ಗಿ ಹೊದಿಕೆಯ ಸುಕ್ಕು ಸರಿಮಾಡಿದ.

"ಸಾಕು ಬಿಡಪ್ಪ," ಎಂದರು ಇನ್ಸ್‌ಪೆಕ್ಟರಮ್ಮ.

ಅವನು ಓಡಲಿಲ್ಲ. "ಅಕ್ಕಾ," ಎಂದ, ಅಷ್ಟೇ. ಅಷ್ಟರಲ್ಲಿ ಅವಸರಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ.

ಠಾಣೆಯಲ್ಲಿ ಅವನು ಯಾವುದನ್ನೂ ಮುಚ್ಚಿಡಲಿಲ್ಲ.

"ಎಲ್ಲಾ ಮನೆಗೂ ನೀನೇ ಹೋಗಿದ್ದಾ?"

"ಹೌದು."

"ಮೇಲುಬೀದಿಗೆ?"

"ಅದನ್ನ ಮುಟ್ಟಬಾರದಲ್ಲ ಅಕ್ಕಾ."

"ಯಾಕಪ್ಪಾ ಇದೆಲ್ಲ?"

ಅವನು ಮೇಜು ನೋಡುತ್ತಾ ಹೇಳಿದ. ಅವನು ಚಿಕ್ಕವನಿದ್ದಾಗ ಅವರ ಮನೆಗೆ ಯಾರೋ ನುಗ್ಗಿದ್ದರಂತೆ. ಏನೂ ಕದ್ದಿರಲಿಲ್ಲ. ಪೊಲೀಸರು ಅಮ್ಮನನ್ನು ಗದರಿಸಿ ಕಳಿಸಿದರು. ಅಂದಿನಿಂದ ಸಾಯುವ ತನಕ ಅಮ್ಮ ಕಣ್ತುಂಬ ನಿದ್ದೆ ಮಾಡಲಿಲ್ಲ. ಭಯವೂ ಒಂದು ಗಾಯ, ಅದನ್ನು ಅಳೆದು ತೋರಿಸಿದರೆ ಪೊಲೀಸರೂ ನಂಬುತ್ತಾರೆ ಎಂದುಕೊಂಡೇ ಅವನು ಈ ಓದಿಗೆ ಬಂದದ್ದು. ಮೊದಲ ಸುತ್ತಿನಲ್ಲಿ ಎರಡೂ ಬೀದಿಯವರು ಭಯವಿಲ್ಲ ಎಂದುಬಿಟ್ಟರು. ಇದರಲ್ಲೇನೂ ಇಲ್ಲ, ವಿಷಯ ಬದಲಿಸು ಎಂದರು ಮಾರ್ಗದರ್ಶಕರು.

"ಅದಕ್ಕೆ ನೀನೇ ಭಯ ಹುಟ್ಟಿಸ್ದೆ."

"ಅಮ್ಮನ್ನ ಯಾರೂ ನಂಬಲಿಲ್ಲ ಅಕ್ಕಾ." ಅವನ ಕಣ್ಣು ತುಂಬಿತ್ತು. ಒರೆಸಿಕೊಂಡು, ಪಾಠ ಹೇಳಿಕೊಡುವಾಗಿನಷ್ಟೇ ಮೆತ್ತಗೆ ಕೇಳಿದ, "ನಾನು ಸಿಕ್ಕಿದ್ದು ಗೊತ್ತಾದ ಮೇಲೆ ಅವರ ಭಯ ಇಳಿಯುತ್ತಾ? ಒಂದರಿಂದ ಹತ್ತು. ದಯವಿಟ್ಟು ಕೇಳಿ ಹೇಳ್ತೀರಾ?"

ಇನ್ಸ್‌ಪೆಕ್ಟರಮ್ಮನಿಗೆ ಅವನನ್ನು ಹೊಡೆಯಬೇಕು ಅನ್ನಿಸಿತು. ತಲೆ ಸವರಬೇಕು ಎಂದೂ ಅನ್ನಿಸಿತು. ಎರಡನ್ನೂ ತಡೆದುಕೊಂಡು ಬಂಧನದ ಕಾಗದಕ್ಕೆ ಸಹಿ ಹಾಕಿದರು.

ಮಧ್ಯಾಹ್ನ ಸುದ್ದಿ ಹೇಳಲು ಕೆಳಬೀದಿಗೆ ತಾವೇ ಹೋದರು. ಹೊಲಿಗೆಯಾಕೆ ಪೂರ್ತಿ ಕೇಳಿಸಿಕೊಂಡಳು.

"ಆ ಹುಡುಗಾನಾ?" ಎಂದಳು. "ಬಿಸಿಲಲ್ಲಿ ಬಂದಿದಾನೆ ಪಾಪ ಅಂತ ನಾನೇ ಒಳಗೆ ಕರೆದು ಕೂರಿಸಿದ್ದೆ. ನಿಮ್ಮ ತಾಯಿ ಪುಣ್ಯವಂತೆ ಕಣೋ ಅಂದಿದ್ದೆ."

"ಇನ್ನು ಅವನು ಬರಲ್ಲಮ್ಮ. ನೀವು ಧೈರ್ಯವಾಗಿ ಇರಿ."

"ಯಾರೋ ಕೆಟ್ಟ ಮುಖದವನು ಅನ್ಕೊಂಡಿದ್ದೆ ಮೇಡಂ. ಅಂಥವನಾಗಿದ್ರೆ ಇದ್ಬಿಡ್ತಿದ್ದೆ."

ಅಷ್ಟರಲ್ಲಿ ಗೇಟಿನ ಬಳಿ ಯಾರೋ ಹೆಂಗಸು, ಅಕ್ಕಾ, ನನ್ನ ಬ್ಲೌಸು ಆಯ್ತಾ ಎಂದು ಕೂಗಿದಳು. ಬಹಳ ವರ್ಷಗಳ ಗಿರಾಕಿ. ಹೊಲಿಗೆಯಾಕೆ ಇದ್ದಲ್ಲೇ ಉಸಿರು ಬಿಗಿಹಿಡಿದು ನಿಂತಳು. ಗಿರಾಕಿ ಇನ್ನೆರಡು ಸಲ ಕೂಗಿ, ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಹೊರಟುಹೋದಳು.

"ಭಾನುವಾರ ತಮ್ಮ ಗಾಡಿ ತರ್ತಾನೆ," ಎಂದಳು ಹೊಲಿಗೆಯಾಕೆ.

ಇನ್ಸ್‌ಪೆಕ್ಟರಮ್ಮ ಆ ಹುಡುಗನ ಪ್ರಶ್ನೆಯನ್ನು ಅವಳಿಗೆ ಕೇಳಲಿಲ್ಲ.