ಮೂರು ಚುಕ್ಕಿಯ ಹಿಂದಿನ ಮಾತು

ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳು ಅವನ ಮೂರು ತಿಂಗಳ ದುಡಿಮೆಗೆ ಕೆಂಪು ಬಣ್ಣ ಬಳಿದಳು.

ಅವನು ಆಸ್ಪತ್ರೆಯೊಂದರ ವೆಬ್‌ಸೈಟಿಗೆ ಪುಟಗಳನ್ನು ಕಟ್ಟುವವನು. ಅವಳು ಆ ಪುಟಗಳನ್ನು ತಾನಾಗಿಯೇ ಪರೀಕ್ಷಿಸುವ ಪ್ರೋಗ್ರಾಂ ಬರೆಯುವವಳು. ಅವಳು ಹೇಳಿದ ಕೂಡಲೇ ಬ್ರೌಸರ್ ತೆರೆದುಕೊಂಡು, ಯಾರ ಕೈಯೂ ಸೋಕದೆ ರೋಗಿಯ ಹೆಸರು ತುಂಬಿ, ವೈದ್ಯರನ್ನು ಕಾಣುವ ಸಮಯಕ್ಕೆಂದು 'ಕಾಯ್ದಿರಿಸಿ' ಗುಂಡಿ ಒತ್ತಿತು.

ಕೆಂಪು ದೀಪ! ಪುಟ ಪರೀಕ್ಷೆಯಲ್ಲಿ ಸೋತಿತ್ತು.

"ನಿಮ್ಮ ಪರೀಕ್ಷೆನೇ ತಪ್ಪು," ಎಂದ ಅವನು, ಬೆನ್ನು ಹಾಕಿಕೊಂಡೇ.

"ತಿರುಗಿ ನೋಡಿ ಹೇಳಿ."

ತಿರುಗಿದ, ನೋಡಿದ. ಹೇಳಬೇಕಾದದ್ದು ಮರೆತೇಹೋಯಿತು ಪಾಪ!

ಇನ್ನೊಮ್ಮೆ ಓಡಿಸಿದರೆ ಹಸಿರು. ಅದೇ ಆ ಪರೀಕ್ಷೆಯ ಚಾಳಿ. ಹತ್ತು ಸಲ ಸುಮ್ಮನಿದ್ದು ಹನ್ನೊಂದನೆಯ ಸಲ ಮುನಿಯುವುದು. ದೋಷ ಪುಟದ್ದೇ ಎಂದು ಅವಳು ಪಟ್ಟು ಹಿಡಿದಳು. ಅವನು ಅವಳಿಗೆ 'ತಕರಾರು' ಎಂದು ಹೆಸರಿಟ್ಟ. ಎರಡನೆಯ ತಿಂಗಳಿಗೆ ಅವನ ಕುರ್ಚಿ ಅವಳ ಮೇಜಿನ ಪಕ್ಕಕ್ಕೇ ಬಂದು ಕೂತಿತ್ತು.

'ಎಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿರ್ತಾನೆ, ನೋಡೇಬಿಡೋಣ...' ಅವಳು ನಿಶ್ಚಿಂತೆಯಿಂದಲೇ ಕಾಯುತ್ತಿದ್ದಳು.

ಅಷ್ಟರಲ್ಲಿ ಮೇಲಧಿಕಾರಿ ಗಡುವು ಕೊಟ್ಟರು. ಶುಕ್ರವಾರ ಮಧ್ಯಾಹ್ನದೊಳಗೆ ಎಲ್ಲವೂ ಹಸಿರಾಗಬೇಕು, ಇಲ್ಲದಿದ್ದರೆ ಅವಳ ಪರೀಕ್ಷೆಗಳಿಗೂ ಅವಳ ಕೆಲಸಕ್ಕೂ ಒಟ್ಟಿಗೇ ವಿದಾಯ.

ಗುರುವಾರ ಬೆಳಿಗ್ಗೆ ಅವಳು ವರದಿ ತೆರೆದಳು. ಹಸಿರಿನ ನಡುವೆ ಒಂದೇ ಒಂದು ಬೂದು ಗೆರೆ. ಅವಳ ಆ ಪರೀಕ್ಷೆಯನ್ನು ಯಾರೋ ಓಡದಂತೆ ಬದಿಗಿಟ್ಟಿದ್ದರು. ಯಾರೋ ಏನು... ಅವನ ಹೆಸರೇ ಇತ್ತು! ಕಾರಣದ ಕಾಲಂನಲ್ಲಿ ಹೀಗಿತ್ತು: 'ಈ ಪರೀಕ್ಷೆ ತಪ್ಪು ಅಂತ...'

'ಎದುರಿಗೆ ನಗು, ಹಿಂದಿನಿಂದ ನನ್ನ ಬಾಯಿ ಮುಚ್ಚಿಸೋದು!' ಅವನ ಕುರ್ಚಿಯನ್ನು ಅವನ ಮೇಜಿಗೇ ತಳ್ಳಿ ಬಂದಳು. ಅವನು ಏನೋ ಹೇಳಲು ಬಂದಾಗಲೆಲ್ಲ ಹೆಡ್‌ಫೋನ್ ಅವಳ ಕಿವಿಗೇರಿತು.

ಆ ರಾತ್ರಿ ಮನೆಯಲ್ಲಿ ಅವಳ ಅಕ್ಕ ಎಲ್ಲ ದೂರನ್ನೂ ಊಟ ಮುಗಿಯುವ ತನಕ ಕೇಳಿಸಿಕೊಂಡಳು.

"ತಪ್ಪು ಅಂತ... ಆಮೇಲೆ ಏನಿತ್ತೇ?"

"ಮೂರು ಚುಕ್ಕಿ."

"ಯಾರಿಟ್ಟಿದ್ದು?"

ಅವಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಆ ವರದಿಯ ಪುಟ ಮಾಡಿದ್ದು ಅವಳೇ. ಚಂದ ಕಾಣಲೆಂದು, ನಾಲ್ಕು ಪದ ದಾಟಿದರೆ ಕತ್ತರಿಸಿ ಚುಕ್ಕಿ ಇಡುವಂತೆ ಬರೆದಿದ್ದವಳೂ ಅವಳೇ!

ಶುಕ್ರವಾರ ಎಲ್ಲರಿಗಿಂತ ಮೊದಲು ಬಂದು ಆ ಸಾಲನ್ನು ಬಿಡಿಸಿದಳು. 'ಈ ಪರೀಕ್ಷೆ ತಪ್ಪು ಅಂತ ನಾನು ಹೇಳಿದ್ದೇ ತಪ್ಪು. ಅವಳೇ ಸರಿ. ದೋಷ ನನ್ನ ಪುಟದಲ್ಲಿದೆ, ಹುಡುಕುತ್ತಿದ್ದೇನೆ. ಅಲ್ಲಿಯವರೆಗೆ ದಯವಿಟ್ಟು ಯಾರೂ ಇದನ್ನು ಅಳಿಸಬೇಡಿ.'

ಕಣ್ಣು ತುಂಬಿ ಬಂತು. ಎದ್ದು ಹೋಗಿ ಅವನ ಕುರ್ಚಿಯನ್ನು ಎಳೆದು ತಂದಳು.

ಅವನು ಬಂದವನೇ ಕುರ್ಚಿ ನೋಡಿದ, ಅವಳನ್ನು ನೋಡಿದ, ಕೂತ. ಇಬ್ಬರೂ ಸೇರಿ ಆ ಪರೀಕ್ಷೆಯನ್ನು ನೂರು ಸಲ ಓಡಿಸಿದರು. ಏಳು ಸಲ ಕೆಂಪು. ಸೋತಾಗಲೆಲ್ಲ ಪ್ರೋಗ್ರಾಂ ತೆಗೆದಿಟ್ಟ ಪುಟದ ಚಿತ್ರಗಳನ್ನು ಸಾಲಾಗಿ ಹರಡಿದಾಗ ಕಳ್ಳ ಸಿಕ್ಕಿಬಿದ್ದ. ವೈದ್ಯರು ಸಿಗುವ ಸಮಯದ ಪಟ್ಟಿ ಪುಟದಲ್ಲಿ ಬರುವ ಮೊದಲೇ ಗುಂಡಿ ಒತ್ತಲು ಸಿಗುತ್ತಿತ್ತು. ಅವಸರದ ರೋಗಿಗೆ 'ಆಯಿತು' ಎಂದು ಕಾಣುತ್ತಿತ್ತು, ವೈದ್ಯರ ಪಟ್ಟಿಯಲ್ಲಿ ಮಾತ್ರ ಆ ರೋಗಿಯ ಹೆಸರೇ ಇರುತ್ತಿರಲಿಲ್ಲ.

ಸಮಯದ ಪಟ್ಟಿ ಬರುವ ತನಕ ಗುಂಡಿ ಕಾಯುವಂತೆ ಅವನು ತಿದ್ದಿದ. ಮತ್ತೆ ನೂರು ಸಲ. ನೂರೂ ಹಸಿರು! ಮಧ್ಯಾಹ್ನ ಮೇಲಧಿಕಾರಿ ಎಲ್ಲವನ್ನೂ ಕೇಳಿ, ಪರೀಕ್ಷೆಗಳೂ ಇರಲಿ, ಅವಳೂ ಇರಲಿ ಎಂದು ಹೇಳಿ ಹೋದರು.

"ಪೂರ್ತಿ ಓದದೆ ಸಿಟ್ಟು ಮಾಡ್ಕೊಂಡೆ. ನನ್ನದೇ ತಪ್ಪು," ಎಂದಳು ಅವಳು.

ಅವನು ಏನೋ ಟೈಪ್ ಮಾಡಿದ. ವರದಿಯಲ್ಲಿ ಹೊಸ ಸಾಲು ಮೂಡಿತು: 'ಈ ತಕರಾರು ನನಗೆ ಜೀವನಪೂರ್ತಿ...'

ಅವಳು ಚುಕ್ಕಿ ಇಡುವ ಆ ಆಜ್ಞೆಯನ್ನೇ ಅಳಿಸಿಹಾಕಿದಳು. 'ಬೇಕು' ಎಂಬ ಪದ ಕಾಣಿಸಿತು.

"ಬಾಯಲ್ಲಿ ಹೇಳೋಕೆ ಏನು ಕಷ್ಟ?"

"ಮಧ್ಯದಲ್ಲಿ ಕತ್ತರಿಸಲ್ಲ ತಾನೇ?"

"ಇಲ್ಲ. ಹೇಳು."

ಅವನು ಹೇಳಿದ, ಪೂರ್ತಿಯಾಗಿ.

"ಇನ್ನೊಂದ್ಸಲ," ಎಂದಳು ಅವಳು. "ಒಂದು ಸಲ ಹಸಿರಾದ್ರೆ ನಂಬೋಳಲ್ಲ ನಾನು."

"ನೂರು ಸಲ?"

"ನೂರು ಸಲ."