ವೀರಗಲ್ಲಿನ ಚಕ್ಕೆ

ಕಲ್ಲಿನ ಚಕ್ಕೆಯೊಂದು ಪಟ್ಟನೆ ಎದ್ದು ಅನುಸೂಯಳ ಅಂಗೈಗೆ ಬಂತು. ಅದರ ಮೇಲೆ ಅಕ್ಷರಗಳಿದ್ದವು!

ಜಡಿಗೇನಹಳ್ಳಿ ದಾರಿಯ ಹುಣಸೆಮರದ ಕೆಳಗಿರುವ ಈ ವೀರಗಲ್ಲು ಅವರ ಮನೆತನದ ಹಿರಿಯನದು. ಅವನ ಹೆಸರೂ ಅದರಲ್ಲಿದೆಯಂತೆ. ಆದರೆ ಹಳೇ ಕಾಲದ ಅಕ್ಷರ, ಊರಲ್ಲಿ ಓದುವವರೇ ಇರಲಿಲ್ಲ. ಇವತ್ತು ಸ್ಕೂಲಿನ ಹೊಸ ಮೇಷ್ಟ್ರು ನರಸಿಂಹಯ್ಯ ಓದಲು ಬರುವವರಿದ್ದರು. ಕಲ್ಲು ಫಳಫಳ ಹೊಳೆಯಲಿ ಎಂದು ಅನುಸೂಯ ಇಟ್ಟಿಗೆ ಪುಡಿ, ಹುಣಸೆಹಣ್ಣು, ತೆಂಗಿನ ನಾರು ತಂದು ತಾಮ್ರದ ಬಿಂದಿಗೆ ಉಜ್ಜಿದ ಹಾಗೆ ಉಜ್ಜಿದ್ದಳು. ಯಾರು ಹೇಳಿದ್ದರೋ ಇವಳಿಗೆ!

ಚಕ್ಕೆಯನ್ನು ಲಂಗದ ಅಂಚಿನಲ್ಲಿ ಗಂಟು ಹಾಕಿಕೊಂಡಳು. ಎಸೆದುಬಿಡಲೇ? ಮನೆಗೆ ಓಡಲೇ? ಹತ್ತು ಹೆಜ್ಜೆ ಓಡಿದಳು, ತಿರುಗಿ ಬಂದಳು. ಅಷ್ಟರಲ್ಲಿ ಮೇಷ್ಟ್ರು ಸೈಕಲ್ ತಳ್ಳಿಕೊಂಡು ಬಂದೇಬಿಟ್ಟರು. ಜೊತೆಗೆ ಅಜ್ಜಿ ಅಕ್ಕಯಮ್ಮ.

ಮೇಷ್ಟ್ರು ಕಲ್ಲಿನ ಮೇಲೆ ಬೆರಳಾಡಿಸಿದರು. "ಊರ ದನ ಬಿಡಿಸ್ಕೊಂಡು ಬರೋಕೆ ಹೋಗಿ ಸತ್ತೋನು... ಅಯ್ಯೋ, ಹೆಸರಿರೋ ಕಡೇನೇ ಚಕ್ಕೆ ಎದ್ದೋಗಿದೆಯಲ್ಲಮ್ಮಾ! ಯಾರು ಉಜ್ಜಿದ್ದು?"

ಅಜ್ಜಿಯ ಮುಖ ಸಪ್ಪಗಾಯಿತು. "ನಾನೇ ಸಾ. ಮದುವೆಯಾಗಿ ಬಂದಾಗ್ನಿಂದ ಪ್ರತಿ ಯುಗಾದಿಗೂ ಇಟ್ಟಿಗೆ ಪುಡಿ ಹಾಕಿ ಉಜ್ತೀನಿ. ನಮ್ಮೋರು ಚೊಕ್ಕಟವಾಗಿರ್ಲಿ ಅಂತ. ನಾನೇ ಅಳಿಸ್ಬಿಟ್ನಾ?"

"ಮಳೆ ಬಿಸಿಲಿಗೆ ಕಲ್ಲಿನ ಮೈ ಸಡಿಲ ಆಗಿರುತ್ತಮ್ಮಾ. ಉಜ್ಜಿದ್ರೆ ಪದರ ಪದರ ಏಳುತ್ತೆ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅನುಸೂಯಳಿಗೆ ತಡೆಯಲಾಗಲಿಲ್ಲ.

"ಅಜ್ಜಿ ಅಲ್ಲ ಸಾ! ಇವತ್ತು ಉಜ್ಜಿದ್ದು ನಾನು." ಲಂಗದ ಗಂಟು ಬಿಚ್ಚಿ ಚಕ್ಕೆ ಚಾಚಿದಳು.

ಮೇಷ್ಟ್ರು ಬೈಯಲಿಲ್ಲ. ಚಕ್ಕೆಯನ್ನು ಇದ್ದ ಜಾಗಕ್ಕೇ ಕೂರಿಸಿದರು. "ಅಂಚು ಹಿಡ್ಕೋ. ಅಲುಗಾಡ್ಬೇಡ."

ಒಂದು ಗಳಿಗೆಯೂ ನಿಂತಲ್ಲಿ ನಿಲ್ಲದ ಹುಡುಗಿ ಉಸಿರು ಬಿಗಿಹಿಡಿದು ನಿಂತಳು.

"ಕೊಂ... ಡ. ಕೊಂಡ!" ಎಂದು ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

"ಲೇ, ನಿಮ್ಮಪ್ಪನ ಹೆಸರು ಕಣೇ! ನಮ್ಮ ಕೊಂಡಪ್ಪ!" ಅಜ್ಜಿ ಅಳುತ್ತಲೇ ನಕ್ಕಳು. ಚಕ್ಕೆ ಬಟ್ಟೆಯಲ್ಲಿ ಸುತ್ತಿಕೊಂಡು ದೇವರ ಗೂಡು ಸೇರಿತು.

ಯುಗಾದಿಯ ಬೆಳಿಗ್ಗೆ ಅಜ್ಜಿ ಮರೆತು ಇಟ್ಟಿಗೆ ಪುಡಿಯ ಕರಟ ಹಿಡಿದೇ ಹೊರಟಿದ್ದಳು. ಅನುಸೂಯ ಕರಟ ತೆಗೆದು ಹೊಸ್ತಿಲ ಬಳಿ ಇಟ್ಟಳು, ಕೈಗೆ ನೀರಿನ ಚೊಂಬು ಕೊಟ್ಟಳು.

ಹುಣಸೆಮರದ ಕೆಳಗೆ ಅಜ್ಜಿ ವೀರಗಲ್ಲಿಗೆ ನೀರು ಸುರಿದಳು. ಅನುಸೂಯ ಅಂಗೈಯಿಂದ ಕಲ್ಲನ್ನು ಒರೆಸುತ್ತಾ ಬಂದಳು. ಚಕ್ಕೆ ಎದ್ದಿದ್ದ ಜಾಗ ಸಿಕ್ಕಾಗ ಅವಳ ಕೈ ತಾನಾಗಿಯೇ ಇನ್ನಷ್ಟು ಹಗುರವಾಯಿತು.