ಉಸಿರಪ್ಪನ ಚೀಲ

"ಮುಟ್ಟಬೇಡಿ ಅದನ್ನ!"

ಬಾಗಿಲಲ್ಲೇ ಕೂಗಿದಳು ಅವಳು. ಅಮ್ಮನ ಆಕ್ಸಿಜನ್ ಯಂತ್ರದ ಮುಚ್ಚಳ ಬಿಚ್ಚಿ, ಒಳಗೆ ಕೈ ಹಾಕಿ ಕೂತಿದ್ದವನು ಬೆಚ್ಚಿ ತಲೆ ಎತ್ತಿದ.

"ಫಿಲ್ಟರ್ ತೊಳೆಯೋಕೆ ತೆಗೀತಿದೀನಿ, ಮೇಡಂ. ಯಂತ್ರ ಕೊಟ್ಟ ಕಂಪನಿಯವನು ನಾನು."

"ಇವನೇ ಕಣೇ ನಮ್ಮ ಉಸಿರಪ್ಪ!" ಹಾಸಿಗೆಯಿಂದಲೇ ಅಮ್ಮ ನಕ್ಕಳು. ವಾರಕ್ಕೊಮ್ಮೆ ಯಂತ್ರ ನೋಡಲು ಬರುವವನಿಗೆ ಅಮ್ಮ ಇಟ್ಟ ಹೆಸರು ಅದು.

ಅವನು ಬರುವ ಹೊತ್ತಿಗೆ ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸದಲ್ಲಿರುತ್ತಿದ್ದಳು. ಇವತ್ತು ರಜೆ. ಕೇಳಲೇಬೇಕಾದ ಪ್ರಶ್ನೆಯೂ ಒಂದಿತ್ತು.

ದಿನಕ್ಕೆ ಹದಿನಾರು ಗಂಟೆ ಯಂತ್ರ ಓಡಲೇಬೇಕು ಎಂದಿದ್ದರು ಡಾಕ್ಟರು. ಯಂತ್ರದ ಮೇಲಿನ ಗಂಟೆಯ ಮೀಟರನ್ನು ಅವಳು ದಿನವೂ ಹಾಸಿಗೆ ಪಕ್ಕದ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದಳು. ಪಕ್ಕದಲ್ಲೇ ಪುಟ್ಟ ಅಕ್ಷರದಲ್ಲಿ, 'ಅಮ್ಮ ಇವತ್ತು ಎರಡು ಸಲ ನಕ್ಕಳು.'

"ವಾರಕ್ಕೆ ನೂರ ಹನ್ನೆರಡು ಗಂಟೆ ಆಗಬೇಕಿತ್ತು. ಎಂಬತ್ನಾಲ್ಕೇ ಇದೆ. ಉಳಿದ ಇಪ್ಪತ್ತೆಂಟು ಎಲ್ಲಿ ಹೋಯ್ತು?"

ಅವನು ಮೀಟರ್ ನೋಡಿದ. ಆಮೇಲೆ ಅಮ್ಮನನ್ನು ನೋಡಿದ. ಅಮ್ಮ ಹೊದಿಕೆಯನ್ನು ಗಲ್ಲದವರೆಗೂ ಎಳೆದುಕೊಂಡಳು.

"ನೋಡ್ತೀನಿ, ಮೇಡಂ..."

ಕಣ್ಣು ತಪ್ಪಿಸಿದ! ದಿನವಿಡೀ ಜನರ ಕಣ್ಣನ್ನೇ ನೋಡುವವಳಿಗೆ ಅಷ್ಟು ಗೊತ್ತಾಗದೆ?

'ಮೀಟರ್ ತಿರುಚಿದಾನೆ. ಇಲ್ಲಾ, ಹೊಸ ಭಾಗ ತೆಗೆದು ಹಳೇದು ಹಾಕಿದಾನೆ... ಕಣ್ಣು ಮಾತ್ರ ಎಷ್ಟು ಚೆನ್ನಾಗಿವೆ! ಛೆ, ಕಳ್ಳರಿಗೂ ಚೆನ್ನಾಗಿರ್ತವೆ.'

ಹತ್ತು ದಿನ ಕಳೆದಿರಬೇಕು. ಮೀಟರಿನ ಗಂಟೆ ತಾನಾಗಿ ಸರಿಹೋಗಿತ್ತು, ಅವಳ ಅನುಮಾನ ಮಾತ್ರ ಹೋಗಿರಲಿಲ್ಲ. ಎದುರು ಮನೆಯ ಅತ್ತೆ ಅವಳನ್ನು ಬೀದಿಯಲ್ಲೇ ತಡೆದರು.

"ನಿಮ್ಮ ಯಂತ್ರದ ಹುಡುಗ ಈಗ ದಿನಾ ಮಧ್ಯಾಹ್ನ ಬರ್ತಾನಲ್ಲೇ! ಬರುವಾಗ ಖಾಲಿ ಚೀಲ, ಹೋಗುವಾಗ ತುಂಬಿದ ಚೀಲ. ನನಗ್ಯಾಕೆ ಊರ ಉಸಾಬರಿ, ಕಂಡದ್ದು ಹೇಳ್ದೆ ಅಷ್ಟೇ."

ಮನೆಗೆ ಬಂದವಳೇ ಕೇಳಿದಳು.

"ಅಮ್ಮಾ, ಮಧ್ಯಾಹ್ನ ಯಾರಾದ್ರೂ ಬಂದಿದ್ರಾ?"

"ಯಾರು ಬರ್ತಾರೆ? ಒಂದು ಕಾಗೆ ಬಂದಿತ್ತು."

ಅಮ್ಮನೂ ಸುಳ್ಳು ಹೇಳುತ್ತಿದ್ದಾಳೆ!

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ತಲೆನೋವೆಂದು ಹೇಳಿ ಓಡಿ ಬಂದಳು. ಒಳಗಿನಿಂದ ಕಟಕಟ ಸದ್ದು. ಬಾಗಿಲು ತಳ್ಳಿದಳು.

ನಡುಮನೆಯಲ್ಲಿ, ಎರಡು ವರ್ಷದಿಂದ ಮುಚ್ಚಿಯೇ ಇದೆ ಎಂದು ಅವಳು ತಿಳಿದಿದ್ದ, ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರದ ಮುಂದೆ ಅಮ್ಮ! ಮೂಗಿನಲ್ಲಿ ಪೈಪ್ ಇತ್ತು. ಅದು ಒಳಕೋಣೆಯಿಂದ ಹಾವಿನಂತೆ ಉದ್ದಕ್ಕೆ ಹರಿದು ಬಂದಿತ್ತು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಹಿಡಿ ತಿರುಗಿಸುತ್ತಿದ್ದವನು ಉಸಿರಪ್ಪ.

"ನಿಧಾನ ಕಣೋ, ಇದೇನು ಓಟದ ಪಂದ್ಯವಾ..." ಎನ್ನುತ್ತಿದ್ದ ಅಮ್ಮ ಬಾಗಿಲತ್ತ ತಿರುಗಿದಳು.

ಮಗಳು ಅವನ ಪಕ್ಕದಲ್ಲಿದ್ದ ಚೀಲ ಕಿತ್ತುಕೊಂಡು ನೆಲಕ್ಕೆ ಸುರಿದಳು.

ಬೆರಳುದ್ದದ ಮೆತ್ತನೆ ಬಟ್ಟೆಯ ಕೊಳವೆಗಳು... ಹತ್ತಾರು!

"ಪೈಪ್ ಉಜ್ಜಿ ಕಿವಿ ಹುಣ್ಣಾಗತ್ತೆ ಕಣೇ," ಅಮ್ಮ ಮೆಲ್ಲಗೆ ಹೇಳಿದಳು. "ಅದಕ್ಕೆ ಹಾಕೋ ಮೆತ್ತೆ. ನನಗೆ ಅಂತ ಹೊಲಿದೆ. ಇವನು ಬೇರೆ ಮನೆ ರೋಗಿಗಳಿಗೂ ಬೇಕು ಅಂದ."

"ಮತ್ತೆ ಆ ಇಪ್ಪತ್ತೆಂಟು ಗಂಟೆ?"

"ಆಗ ಪೈಪ್ ಇಲ್ಲೀತನಕ ಬರ್ತಿರಲಿಲ್ಲ. ಆರಿಸಿಬಿಟ್ಟು ಬಂದು ಹೊಲೀತಿದ್ದೆ. ಮೀಟರ್ ನೋಡಿದ ದಿನವೇ ಇವನು ಪತ್ತೆ ಹಚ್ಚಿ, ಬೈದು, ಉದ್ದದ ಪೈಪ್ ತಂದ. ನನಗೆ ಏದುಸಿರು ಬರಬಾರದು ಅಂತ ಹಿಡಿ ತಾನೇ ತಿರುಗಿಸ್ತಾನೆ. ನಿನಗೆ ಹೇಳಿದ್ರೆ ಕೆಲಸ ಬಿಟ್ಟು ನನ್ನ ಕಾವಲಿಗೆ ಕೂರ್ತಿದ್ದೆ. ಅದಕ್ಕೇ ಹೇಳಬಾರದು ಅಂತ ಇವನಿಂದ ಆಣೆ ಹಾಕಿಸ್ಕೊಂಡೆ."

ಅವಳು ಅವನತ್ತ ತಿರುಗಿದಳು. ಕಣ್ಣು ತುಂಬಿತ್ತು, ಸಿಟ್ಟೂ ಇಳಿದಿರಲಿಲ್ಲ.

"ಅದು ನಮ್ಮಮ್ಮನ ಉಸಿರು! ಆಣೆಗಿಂತ ದೊಡ್ಡದು. ನನಗೆ ಹೇಳಬೇಕಿತ್ತು ನೀವು."

"ಹೌದು, ತಪ್ಪಾಯ್ತು." ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ. "ಆಣೆ ಬರೀ ನೆಪ. ಹೇಳಿದ್ರೆ ನೀವು ಬೇರೆಯವರನ್ನ ಕಳಿಸಿ ಅಂತೀರೇನೋ ಅಂತ ಹೆದರಿದೆ. ಆ ಕ್ಯಾಲೆಂಡರ್... ಪ್ರತಿ ವಾರ ಅಂಕಿಗಿಂತ ಮೊದಲು ಪಕ್ಕದ ಸಾಲು ಓದ್ತಿದ್ದೆ. ಬರೆದೋರನ್ನ ನೋಡೋ ಮೊದಲೇ..."

ಅಮ್ಮ ಒಮ್ಮೆಲೇ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದಳು, ದಾರ ಪೋಣಿಸಿಯೇ ಇದ್ದರೂ!

ಮುಂದಿನ ರಜೆಯ ದಿನ ಅವನು ಮೀಟರ್ ಓದಿದ.

"ಪೂರ್ತಿ ನೂರ ಹನ್ನೆರಡು. ಎಲ್ಲಾ ಸರಿಯಾಗಿದೆ. ಇನ್ನು ತಿಂಗಳಿಗೊಮ್ಮೆ ಬಂದ್ರೂ ಸಾಕು."

"ನನಗೆ ಅನುಮಾನ," ಎಂದಳು ಅವಳು.

"ಇನ್ನೂನಾ? ಬೇಕಾದ್ರೆ ನೀವೇ ಓದಿ ನೋಡಿ!"

"ಓದಿದೆ. ಆದ್ರೂ ಅನುಮಾನ. ದಿನಾ ಬಂದು ನೋಡಿ."

ಅವನ ತುಟಿಯಂಚಿನಲ್ಲಿ ನಗು ಮೂಡಿತು. "ಎಲ್ಲೀತನಕ?"

"ಅನುಮಾನ ಹೋಗೋತನಕ."

"ಹೋಗದೇ ಇದ್ರೆ?"

ಅವಳು ಕ್ಯಾಲೆಂಡರಿನತ್ತ ತಿರುಗಿ ಪೆನ್ನು ತೆಗೆದಳು.

"ಹೋಗದೇ ಇರಲಿ ಬಿಡಿ..."